ಐವರು ಪಾಲುದಾರರ ಪ್ರಭಾತ್: ಒಂದು ಚಿತ್ರಸಂಸ್ಥೆಯ ಏಳುಬೀಳು

ಪ್ರಭಾತ್ ಫಿಲ್ಮ್ ಕಂಪನಿ 1929ರ ಜೂನ್ 1ರಂದು ಕೊಲ್ಹಾಪುರದಲ್ಲಿ ಆರಂಭವಾಯಿತು. ವಿ. ಶಾಂತಾರಾಮ್, ವಿಷ್ಣುಪಂತ ದಾಮ್ಲೆ, ಎಸ್. ಫತ್ತೆಲಾಲ್, ಕೇಶವರಾವ್ ಧಾಯ್‌ಬರ್ ಮತ್ತು ಸೀತಾರಾಮಪಂತ ಕುಲಕರ್ಣಿ ಅದರ ಪಾಲುದಾರರು. ಮೊದಲ ನಾಲ್ವರು ಸಿನಿಮಾ ಕೆಲಸವನ್ನು ಕೈಯಾರೆ ಬಲ್ಲವರು; ಕುಲಕರ್ಣಿ ಬಂಡವಾಳ ಹೊಂದಿಸಿದವರು. ಮುಂದಿನ ಇಪ್ಪತ್ತನಾಲ್ಕು ವರ್ಷಗಳಲ್ಲಿ ಈ ಸಂಸ್ಥೆ ಸುಮಾರು 45 ಚಿತ್ರಗಳನ್ನು ತೆಗೆಯಿತು, ವೆನಿಸ್ ಚಿತ್ರೋತ್ಸವದಲ್ಲಿ ಹೆಸರು ಮಾಡಿತು, ಪುಣೆಯಲ್ಲಿ ದೇಶದ ಅತಿ ದೊಡ್ಡ ಸ್ಟುಡಿಯೋಗಳಲ್ಲಿ ಒಂದನ್ನು ಕಟ್ಟಿತು. 1953ರಲ್ಲಿ ಅದರ ಬಾಗಿಲು ಮುಚ್ಚಿತು. ಭಾರತದ ಚಿತ್ರಸಂಸ್ಥೆಗಳಲ್ಲಿ ಇಷ್ಟು ಎತ್ತರಕ್ಕೆ ಏರಿ ಇಷ್ಟು ಬೇಗ ಕರಗಿಹೋದವು ಕೆಲವೇ. ಪ್ರಭಾತ್ ಏರಿದ್ದಕ್ಕೂ ಇಳಿದದ್ದಕ್ಕೂ ಕಾರಣವನ್ನು ಅದರ ಚಿತ್ರಗಳಲ್ಲಿ ಹುಡುಕುವುದಕ್ಕಿಂತ ಆ ಐವರ ಪಾಲುದಾರಿಕೆಯಲ್ಲಿ ಹುಡುಕಬೇಕು.

ಐವರಲ್ಲಿ ನಾಲ್ವರ ಗರಡಿ ಒಂದೇ: ಬಾಬುರಾವ್ ಪೇಂಟರ್ ನಡೆಸುತ್ತಿದ್ದ ಮಹಾರಾಷ್ಟ್ರ ಫಿಲ್ಮ್ ಕಂಪನಿ. ನಾಟಕದ ಪರದೆ ಬರೆಯುತ್ತಿದ್ದ ಬಾಬುರಾವ್, ವಿದೇಶಿ ಕ್ಯಾಮೆರಾ ಕೊಳ್ಳಲು ಹಣವಿಲ್ಲದ್ದರಿಂದ ಕ್ಯಾಮೆರಾವನ್ನು ತಾವೇ ತಯಾರಿಸಿದರು. ಆ ಕೆಲಸದಲ್ಲಿ ಅವರಿಗೆ ಹೆಗಲು ಕೊಟ್ಟವರು ದಾಮ್ಲೆ. 1925ರಲ್ಲಿ ಬಂದ ‘ಸಾವಕಾರಿ ಪಾಶ’ ಸಾಲದ ಬಲೆಗೆ ಬಿದ್ದು ಹೊಲ ಕಳೆದುಕೊಳ್ಳುವ ರೈತನ ಕಥೆ. ಪುರಾಣದ ಚಿತ್ರಗಳೇ ತುಂಬಿದ್ದ ಕಾಲದಲ್ಲಿ ಅದು ಹೊಸ ದಾರಿ. ಅದರಲ್ಲಿ ಯುವ ರೈತನಾಗಿ ಕಾಣಿಸಿಕೊಂಡವರು ಶಾಂತಾರಾಮ್. ಬಾಬುರಾವ್ ದೊಡ್ಡ ಕಲಾವಿದರು. ಆದರೆ ಅವರ ಕೆಲಸ ನಿಧಾನದ್ದು, ಹಣ ಹಾಕಿದವರೊಂದಿಗೆ ಅವರ ಸಂಬಂಧವೂ ಸುಗಮವಾಗಿರಲಿಲ್ಲ. ಗುರುವಿನ ಕೈಕೆಳಗೆ ಕೆಲಸ ಕಲಿತವರಿಗೆ ತಮ್ಮದೇ ಕಂಪನಿ ಬೇಕೆನಿಸಿದ್ದು ಸಹಜ.

ಶಾಂತಾರಾಮರ ಸಿನಿಮಾ ಪಾಠ ಶುರುವಾದದ್ದು ಕೊಲ್ಹಾಪುರದಲ್ಲಲ್ಲ, ಹುಬ್ಬಳ್ಳಿಯಲ್ಲಿ. 1901ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲಿ ಕೆಲಕಾಲ ಗಂಧರ್ವ ನಾಟಕ ಮಂಡಳಿಯಲ್ಲಿದ್ದು, ಬಳಿಕ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದರು. ಅದೇ ಊರಿನ ತಗಡು ಹೊದಿಸಿದ ಸಣ್ಣ ಚಿತ್ರಮಂದಿರವೊಂದರಲ್ಲಿ ಬಾಗಿಲು ಕಾಯುವುದರಿಂದ ಹಿಡಿದು ಹೇಳಿದ ಕೆಲಸವನ್ನೆಲ್ಲ ಮಾಡುತ್ತಿದ್ದರು. ದಾದಾಸಾಹೇಬ್ ಫಾಲ್ಕೆಯವರ ಚಿತ್ರಗಳನ್ನು ಅವರು ನೋಡಿದ್ದು ಅಲ್ಲಿಯೇ. ಕೊಲ್ಹಾಪುರಕ್ಕೆ ಮರಳಿದಾಗ ಸಂಬಂಧಿ ಬಾಬುರಾವ್ ಪೆಂಢಾರ್ಕರ್ ಶಾಂತಾರಾಮರನ್ನು ಬಾಬುರಾವ್ ಪೇಂಟರರ ಬಳಿಗೆ ಕರೆದೊಯ್ದರು. ನೆಲ ಗುಡಿಸುವುದು, ಪರದೆ ಹಿಡಿಯುವುದು, ನಟನೆ, ಸಂಕಲನ, ಕೊನೆಗೆ ನಿರ್ದೇಶನ ಎಲ್ಲವನ್ನೂ ಆ ಒಂದು ಅಂಗಳದಲ್ಲೇ ಕಲಿತ ಶಾಂತಾರಾಮ್ 1927ರಲ್ಲಿ ‘ನೇತಾಜಿ ಪಾಲ್ಕರ್’ ಚಿತ್ರವನ್ನು ನಿರ್ದೇಶಿಸಿದರು.

ಪ್ರಭಾತ್‌ನಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಾಗಿತ್ತು. ನಿರ್ದೇಶನ ಶಾಂತಾರಾಮರದು, ಕ್ಯಾಮೆರಾ ಧಾಯ್‌ಬರ್ ಅವರದು, ಸೆಟ್ಟು ಮತ್ತು ವೇಷಭೂಷಣ ಫತ್ತೆಲಾಲರದು. ಯಂತ್ರ, ಲ್ಯಾಬೊರೇಟರಿ, ಮುಂದೆ ಧ್ವನಿಮುದ್ರಣ ದಾಮ್ಲೆಯವರ ಪಾಲಿಗೆ ಬಂದವು. ಕುಲಕರ್ಣಿ ಲೆಕ್ಕಪತ್ರ ನೋಡಿಕೊಂಡರು. ಹೊರಗಿನಿಂದ ತಂತ್ರಜ್ಞರನ್ನು ಕರೆಸುವ ಅಗತ್ಯವೇ ಬೀಳಲಿಲ್ಲ. ಚಿತ್ರ ಕೈಕೊಟ್ಟರೆ ನಷ್ಟ ತಮ್ಮದೇ, ಗೆದ್ದರೆ ಲಾಭವೂ ತಮ್ಮದೇ. ಕೆಲಸ ಮಾಡುವವರೇ ಮಾಲೀಕರು. ಮುಂದೆ ಬಂದ ಬಾಂಬೆ ಟಾಕೀಸ್‌ನಂಥ ಸಂಸ್ಥೆ ಷೇರು ಬಂಡವಾಳ ಎತ್ತಿ, ನಿರ್ದೇಶಕ ಮಂಡಳಿ ಇಟ್ಟುಕೊಂಡು, ಜರ್ಮನಿಯಿಂದ ತಂತ್ರಜ್ಞರನ್ನು ಕರೆಸಿಕೊಂಡು ಬೆಳೆಯಿತು. ಪ್ರಭಾತ್ ಬೆಳೆದದ್ದು ತನ್ನ ಗಲ್ಲಾಪೆಟ್ಟಿಗೆಯ ದುಡ್ಡನ್ನು ಮತ್ತೆ ತನ್ನಲ್ಲೇ ತೊಡಗಿಸಿ.

ಮೊದಲ ಚಿತ್ರ ‘ಗೋಪಾಲಕೃಷ್ಣ’ 1929ರಲ್ಲೇ ತೆರೆಗೆ ಬಂತು. ಒಟ್ಟು ಆರು ಮೂಕಿ ಚಿತ್ರಗಳಲ್ಲಿ 1930ರ ‘ಉದಯಕಾಲ’ ಗಮನ ಸೆಳೆಯುತ್ತದೆ. ಶಿವಾಜಿಯ ಬಾಲ್ಯ-ಯೌವನದ ಈ ಚಿತ್ರಕ್ಕೆ ಮೊದಲು ಇಟ್ಟ ಹೆಸರಿನಲ್ಲಿ ‘ಸ್ವರಾಜ್ಯ’ ಎಂಬ ಪದವಿತ್ತು. ಉಪ್ಪಿನ ಸತ್ಯಾಗ್ರಹದ ವರ್ಷದಲ್ಲಿ ಬ್ರಿಟಿಷ್ ಸೆನ್ಸಾರ್ ಅದನ್ನು ಒಪ್ಪಲಿಲ್ಲ, ಹೆಸರು ಬದಲಾಯಿತು. ಶಿವಾಜಿಯ ಪಾತ್ರ ಮಾಡಿದವರು ಸ್ವತಃ ಶಾಂತಾರಾಮ್. ಪುರಾಣದ, ಇತಿಹಾಸದ ಮರೆಯಲ್ಲಿ ತಮ್ಮ ಕಾಲದ ಮಾತನ್ನು ಆಡುವ ಈ ಉಪಾಯ ಪ್ರಭಾತ್‌ಗೆ ಕೊನೆಯವರೆಗೂ ಒದಗಿ ಬಂತು.

1931ರಲ್ಲಿ ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಬಂದಾಗ ಎಲ್ಲ ಮೂಕಿ ಕಂಪನಿಗಳಿಗೂ ಎದುರಾದ ಪ್ರಶ್ನೆ ಪ್ರಭಾತ್‌ಗೂ ಎದುರಾಯಿತು. ಮಾತು ಬಂದರೆ ಮೂಕಿ ಚಿತ್ರದ ಸರ್ವಭಾಷೆಯ ಮಾರುಕಟ್ಟೆ ಒಡೆಯುತ್ತದೆ. ಮರಾಠಿಯಲ್ಲಿ ತೆಗೆದರೆ ನೋಡುವವರು ಒಂದು ಪ್ರಾಂತ್ಯದವರು ಮಾತ್ರ. ಕಂಪನಿ ಕಂಡುಕೊಂಡ ದಾರಿ ಎರಡು ಭಾಷೆಯದು. ಅದೇ ಸೆಟ್ಟು, ಅದೇ ದೀಪ, ಬಹುಪಾಲು ಅದೇ ನಟರು. ಒಂದು ದೃಶ್ಯವನ್ನು ಮರಾಠಿಯಲ್ಲಿ ತೆಗೆದ ಬೆನ್ನಿಗೇ ಹಿಂದಿಯಲ್ಲಿ ತೆಗೆಯುವುದು. ಹೆಚ್ಚಿನ ಖರ್ಚು ಕಚ್ಚಾ ಫಿಲ್ಮಿಗೆ ಮತ್ತು ದಿನಗೂಲಿಗೆ ಮಾತ್ರ, ಆದರೆ ಮಾರುಕಟ್ಟೆ ಹಲವು ಪಟ್ಟು. ಮರಾಠಿ ರೂಪ ಊರಿನ ಮರ್ಯಾದೆ ಉಳಿಸಿತು, ಹಿಂದಿ ರೂಪ ಉತ್ತರದ ದುಡ್ಡು ತಂದಿತು.

1932ರ ಫೆಬ್ರವರಿಯಲ್ಲಿ ಬಿಡುಗಡೆಯಾದ ‘ಅಯೋಧ್ಯೇಚಾ ರಾಜಾ’ ಈ ಬಗೆಯ ಮೊದಲ ಪ್ರಯತ್ನ. ಹರಿಶ್ಚಂದ್ರನ ಕಥೆ; ರಾಜನಾಗಿ ಗೋವಿಂದರಾವ್ ಟೆಂಬೆ, ತಾರಾಮತಿಯಾಗಿ ದುರ್ಗಾ ಖೋಟೆ. ಸಿನಿಮಾದಲ್ಲಿ ನಟಿಸುವುದನ್ನು ಮರ್ಯಾದಸ್ಥರ ಮನೆಯ ಹೆಂಗಸರು ಯೋಚಿಸಲೂ ಹಿಂಜರಿಯುತ್ತಿದ್ದ ಕಾಲದಲ್ಲಿ, ಮುಂಬಯಿಯ ಅನುಕೂಲಸ್ಥ ಮನೆತನದ ಪದವಿ ಓದಿದ ಹೆಣ್ಣುಮಗಳು ಪ್ರಭಾತ್‌ನ ಚಿತ್ರಕ್ಕೆ ಒಪ್ಪಿದ್ದು ಕಂಪನಿಯ ಹೆಸರಿಗೆ ಸಿಕ್ಕ ದೊಡ್ಡ ಗೌರವ. ಇಂದಿಗೆ ಉಳಿದುಬಂದಿರುವ ಅತಿ ಹಳೆಯ ಮರಾಠಿ ವಾಕ್ಚಿತ್ರವೂ ಇದೇ.

ಎಲ್ಲ ಹೆಜ್ಜೆಯೂ ಸರಿಯಾಗಿ ಬೀಳಲಿಲ್ಲ. 1933ರ ‘ಸೈರಂಧ್ರಿ’ಯನ್ನು ಬಣ್ಣದಲ್ಲಿ ತೋರಿಸುವ ಹಂಬಲದಿಂದ ನೆಗೆಟಿವ್ ಹೊತ್ತು ಶಾಂತಾರಾಮ್ ಜರ್ಮನಿಗೆ ಹೋದರು. ಬಣ್ಣ ಸರಿಯಾಗಿ ಕೂರಲಿಲ್ಲ; ಚಿತ್ರ ಸೋತಿತು, ಹಣ ಕರಗಿತು. ಆದರೆ ಆ ಪ್ರವಾಸ ವ್ಯರ್ಥವಾಗಲಿಲ್ಲ. ಜರ್ಮನ್ ಸ್ಟುಡಿಯೋಗಳಲ್ಲಿ ನೆರಳು-ಬೆಳಕನ್ನು ಹೇಗೆ ದುಡಿಸಿಕೊಳ್ಳುತ್ತಾರೆ, ಕ್ಯಾಮೆರಾವನ್ನು ಎಲ್ಲಿಂದೆಲ್ಲ ಇಟ್ಟು ನೋಡುತ್ತಾರೆ ಎಂಬುದನ್ನು ಶಾಂತಾರಾಮ್ ಕಣ್ಣಾರೆ ಕಂಡರು. ಅದರ ಫಲ ಮುಂದಿನ ವರ್ಷವೇ ತೆರೆಯ ಮೇಲೆ ಬಂತು.

ಅಷ್ಟರಲ್ಲಿ ಕಂಪನಿ ಊರು ಬದಲಿಸಿತ್ತು. ಮೂಕಿ ಚಿತ್ರಕ್ಕೆ ಬಯಲಿನ ಬಿಸಿಲು ಸಾಕು; ಮಾತಿನ ಚಿತ್ರಕ್ಕೆ ಸದ್ದು ಒಳನುಸುಳದ ದೊಡ್ಡ ಫ್ಲೋರ್, ಎಡೆಬಿಡದ ವಿದ್ಯುತ್ತು, ಮುಂಬಯಿಯ ವಿತರಕರಿಗೆ ಸಮೀಪವಾದ ಜಾಗ ಬೇಕು. ಕೊಲ್ಹಾಪುರ ಸಂಸ್ಥಾನದಲ್ಲಿ ಇವು ಸುಲಭವಾಗಿ ಒದಗುವಂತಿರಲಿಲ್ಲ. 1933ರಲ್ಲಿ ಪ್ರಭಾತ್ ಪುಣೆಯ ಹೊರವಲಯದ ಎರಂಡವಣೆಗೆ ಬಂದು ಸ್ವಂತ ಸ್ಟುಡಿಯೋ ಕಟ್ಟಿತು. ಕೊಲ್ಹಾಪುರ ಮಾತ್ರ ಬರಿದಾಗಲಿಲ್ಲ. ಅಲ್ಲಿನ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ ಚಿತ್ರೀಕರಣಗೊಂಡ ‘ಸತಿ ಸುಲೋಚನಾ’ 1934ರ ಮಾರ್ಚ್‌ನಲ್ಲಿ ಬಿಡುಗಡೆಯಾಗಿ ಕನ್ನಡದ ಮೊದಲ ವಾಕ್ಚಿತ್ರವೆನಿಸಿತು. ಕರ್ನಾಟಕದಲ್ಲಿ ಅಂಥ ಸ್ಟುಡಿಯೋ ಆಗ ಇರಲಿಲ್ಲ. ಪ್ರಭಾತ್ ಮತ್ತು ಅದರ ಗುರುಮನೆ ಬೆಳೆಸಿದ ಊರು ಕನ್ನಡಕ್ಕೂ ಒದಗಿತು.

ಪುಣೆಯ ಸ್ಟುಡಿಯೋದ ಒಳಗಿನ ಬದುಕಿನ ಬಗ್ಗೆ ಕೊಂಚ ವಿವರವಾಗಿ ಹೇಳಬೇಕು, ಏಕೆಂದರೆ ಪ್ರಭಾತ್‌ನ ಚಿತ್ರಗಳ ಗುಣ ಅಲ್ಲಿಯೇ ಹುಟ್ಟಿದ್ದು. ನಟ, ನಟಿ, ಬಡಗಿ, ದರ್ಜಿ, ಬಣ್ಣದವರು, ವಾದ್ಯದವರು, ಬರಹಗಾರರು ಎಲ್ಲರೂ ತಿಂಗಳ ಸಂಬಳದವರು. ಚಿತ್ರವಿರಲಿ ಇಲ್ಲದಿರಲಿ, ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರಬೇಕು. ಕಥೆಯ ಬಗ್ಗೆ ತಿಂಗಳುಗಟ್ಟಲೆ ಚರ್ಚೆ, ಮಾತುಗಳ ತಾಲೀಮು, ರಾಗಗಳ ಆಯ್ಕೆ, ಸೆಟ್ಟಿನ ನಕ್ಷೆ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತಿದ್ದವು. ಕೇಶವರಾವ್ ಭೋಳೆ, ಮಾಸ್ಟರ್ ಕೃಷ್ಣರಾವ್ ಅವರಂಥ ಸಂಗೀತಗಾರರು ರಂಗಭೂಮಿಯ ಸತ್ವವನ್ನು ಚಿತ್ರಕ್ಕೆ ಹೊಂದುವಂತೆ ಮೊಟಕುಗೊಳಿಸಲು ಕಲಿತದ್ದು ಇಲ್ಲಿ. ಮುಂದೆ ಹೆಸರಾಂತ ಸಂಗೀತ ನಿರ್ದೇಶಕರಾದ ವಸಂತ ದೇಸಾಯಿ ಇಲ್ಲಿ ಚಿಕ್ಕ ಕೆಲಸಗಳಿಂದ ಮೇಲೆ ಬಂದವರು. ಪುಣೆಯಲ್ಲಿ ತನ್ನ ಚಿತ್ರಗಳಿಗಾಗಿ ಕಂಪನಿ ಒಂದು ಚಿತ್ರಮಂದಿರವನ್ನೂ ಹಿಡಿದಿತ್ತು. ‘ಪ್ರಭಾತ್’ ಎಂದೇ ಹೆಸರಾದ ಆ ಟಾಕೀಸು ಕಂಪನಿ ಹೋದ ಮೇಲೂ ದಶಕಗಳ ಕಾಲ ಮರಾಠಿ ಚಿತ್ರಗಳ ಮನೆಯಾಗಿತ್ತು.

ಈ ವ್ಯವಸ್ಥೆಗೆ ಕಠಿಣ ಮುಖವೂ ಇತ್ತು. ಕರಾರಿನಲ್ಲಿರುವ ಕಲಾವಿದರು ಬೇರೆಡೆ ಕೆಲಸ ಮಾಡುವಂತಿರಲಿಲ್ಲ. ಅವರ ಹೆಸರಿನಿಂದ ಬಂದ ಲಾಭದಲ್ಲಿ ಅವರಿಗೆ ಪಾಲಿರಲಿಲ್ಲ. ಕಂಪನಿಯ ಅತಿ ಜನಪ್ರಿಯ ಗಾಯಕ ನಟಿ ಶಾಂತಾ ಆಪಟೆ 1939ರಲ್ಲಿ ಕರಾರಿನ ವಿಷಯದಲ್ಲಿ ಜಗಳವಾಡಿ ಸ್ಟುಡಿಯೋದ ಗೇಟಿನ ಮುಂದೆಯೇ ಉಪವಾಸ ಕುಳಿತರು. ಕೆಲಸಗಾರರೇ ಮಾಲೀಕರೆಂಬ ಮಾತು ಪಾಲುದಾರರಿಗೆ ಮಾತ್ರ ನಿಜ, ಉಳಿದ ನೂರಾರು ಜನರಿಗೆ ಅದು ಅನ್ವಯಿಸುತ್ತಿರಲಿಲ್ಲ ಎಂಬುದನ್ನು ಆ ಉಪವಾಸ ಬಯಲಿಗೆ ತಂದಿತು.

ಪುಣೆಯಲ್ಲಿ ತೆಗೆದ ಮೊದಲ ಚಿತ್ರ 1934ರ ‘ಅಮೃತಮಂಥನ’. ಪ್ರಾಣಿಬಲಿ, ನರಬಲಿಗಳನ್ನು ನಿಲ್ಲಿಸಲು ಹೊರಟ ರಾಜನಿಗೂ ಸಂಪ್ರದಾಯದ ಹೆಸರಿನಲ್ಲಿ ಅದನ್ನು ತಡೆಯುವ ರಾಜಗುರುವಿಗೂ ನಡೆಯುವ ಸಂಘರ್ಷ ಅದರ ವಸ್ತು. ರಾಜಗುರುವಾಗಿ ಚಂದ್ರಮೋಹನ್ ಮೊದಲ ಬಾರಿ ತೆರೆಗೆ ಬಂದರು. ಟೆಲಿಫೋಟೋ ಲೆನ್ಸಿನಲ್ಲಿ ಹಿಡಿದ ಅವರ ಕಣ್ಣು ಇಡೀ ತೆರೆಯನ್ನು ತುಂಬುವ ಚಿತ್ರಿಕೆ ನೋಡಿದವರ ನೆನಪಿನಲ್ಲಿ ಉಳಿಯಿತು. ಚಿತ್ರ ರಜತ ಮಹೋತ್ಸವ ಕಂಡಿತು. ಸ್ಟುಡಿಯೋ ಕಟ್ಟಲು ಹಾಕಿದ ದುಡ್ಡಿನ ಭಾರ ಹಗುರಾಯಿತು. ಮುಂದಿನ ವರ್ಷದ ‘ಧರ್ಮಾತ್ಮ’ದಲ್ಲಿ ಬಾಲಗಂಧರ್ವರು ಸಂತ ಏಕನಾಥರಾದರು. ಜೀವನವಿಡೀ ಸ್ತ್ರೀಪಾತ್ರಗಳಿಂದ ಮೆರೆದ ನಟನನ್ನು ಸಂತನಾಗಿ ನೋಡಲು ಜನ ಬರಲಿಲ್ಲವೆಂದರೂ, ಅಸ್ಪೃಶ್ಯರೊಂದಿಗೆ ಕುಳಿತು ಉಣ್ಣುವ ಏಕನಾಥನ ಚಿತ್ರಕ್ಕೆ ಮೊದಲು ‘ಮಹಾತ್ಮ’ ಎಂಬ ಹೆಸರಿತ್ತೆಂಬುದೂ ಗಾಂಧೀಜಿಯ ನೆನಪು ತರುತ್ತದೆಂದು ಸೆನ್ಸಾರ್ ಅದನ್ನು ತೆಗೆಸಿತೆಂಬುದೂ ಆ ಚಿತ್ರದ ಧೈರ್ಯವನ್ನು ಹೇಳುತ್ತವೆ. 1936ರ ‘ಅಮರ ಜ್ಯೋತಿ’ಯಲ್ಲಿ ದುರ್ಗಾ ಖೋಟೆ ಕಡಲುಗಳ್ಳರ ನಾಯಕಿಯಾದರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ‘ಸಂತ ತುಕಾರಾಂ’ ಪ್ರಭಾತ್‌ನ ಅತಿ ಎತ್ತರದ ಶಿಖರ. ವಿಶೇಷವೆಂದರೆ ಇದರ ನಿರ್ದೇಶಕರು ಶಾಂತಾರಾಮ್ ಅಲ್ಲ, ದಾಮ್ಲೆ ಮತ್ತು ಫತ್ತೆಲಾಲ್. ಒಬ್ಬರು ಯಂತ್ರ-ಧ್ವನಿಯವರು, ಇನ್ನೊಬ್ಬರು ಸೆಟ್ಟು-ಬಣ್ಣದವರು. ಒಬ್ಬರು ಹಿಂದೂ, ಇನ್ನೊಬ್ಬರು ಮುಸ್ಲಿಂ. ಚಿಕ್ಕಂದಿನಿಂದ ಜೊತೆಯಾಗಿ ದುಡಿದವರು. ಶಾಂತಾರಾಮರ ಚಿತ್ರಗಳಲ್ಲಿ ಕಾಣುವ ವೈಭವ, ಚಮತ್ಕಾರದ ಕ್ಯಾಮೆರಾ ಕೋನ ಇಲ್ಲಿ ಇಲ್ಲ. ದೇಹೂ ಗ್ರಾಮದ ಬಡಮನೆ, ಹಸಿದ ಮಕ್ಕಳು, ಕೊಟ್ಟಿಗೆಯ ಎಮ್ಮೆ, ಭಜನೆಯಲ್ಲಿ ಮೈಮರೆತ ಗಂಡ, ಒಲೆ ಹೊತ್ತಿಸಲು ಪರದಾಡುವ ಹೆಂಡತಿ ಇವೇ ಚಿತ್ರದ ಬಂಡವಾಳ. ವಿಷ್ಣುಪಂತ ಪಾಗ್ನಿಸ್ ತುಕಾರಾಮರಾಗಿ ನಟಿಸಿದರೆನ್ನುವುದಕ್ಕಿಂತ ಹಾಡುತ್ತ ಬದುಕಿದರೆಂದರೆ ತಪ್ಪಾಗದು. ಕಂಪನಿಯಲ್ಲಿ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದ ಗೌರಿ ಹೆಂಡತಿ ಜೀಜಾಯಿಯಾಗಿ ಅವರಿಗೆ ಸರಿಸಮವಾಗಿ ನಿಂತರು. ಮೈಮುರಿದು ದುಡಿಯುವ, ಗೊಣಗುವ, ದೇವರನ್ನೇ ಬೈದು ಕೇಳುವ ಆ ಹೆಣ್ಣು ಇಲ್ಲದಿದ್ದರೆ ಚಿತ್ರ ಇನ್ನೊಂದು ಪವಾಡ ಕಥೆಯಾಗಿಬಿಡುತ್ತಿತ್ತು. ಭಕ್ತಿ ಮತ್ತು ಹಸಿವು ಎರಡಕ್ಕೂ ಒಂದೇ ತೂಕ ಕೊಟ್ಟದ್ದು ಈ ಚಿತ್ರದ ದೊಡ್ಡತನ.

ತುಕಾರಾಮರ ಅಭಂಗಗಳ ನಡುವೆ ಚಿತ್ರಕ್ಕಾಗಿ ಗೀತರಚನಕಾರ ಶಾಂತಾರಾಮ್ ಆಠವಲೆ ಹೊಸದಾಗಿ ಬರೆದ ಅಭಂಗವೂ ಒಂದಿದೆ. ಅದು ಮೂಲದೊಂದಿಗೆ ಎಷ್ಟು ಬೆರೆತಿತೆಂದರೆ ಬಲ್ಲವರೂ ಅದನ್ನು ತುಕಾರಾಮರದ್ದೇ ಎಂದು ನಂಬಿದರು. ಮುಂಬಯಿಯ ಸೆಂಟ್ರಲ್ ಚಿತ್ರಮಂದಿರದಲ್ಲಿ ಚಿತ್ರ 57 ವಾರ ಓಡಿತು. ಊರೂರಿನಿಂದ ಜನ ಗಾಡಿ ಕಟ್ಟಿಕೊಂಡು ಬಂದರು. 1937ರ ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ವಿಶೇಷ ಮನ್ನಣೆ ಸಿಕ್ಕಿತು. ಭಾರತದ ಚಿತ್ರವೊಂದಕ್ಕೆ ಹೊರದೇಶದ ಚಿತ್ರೋತ್ಸವದಲ್ಲಿ ಅಂಥ ಗೌರವ ದೊರೆತ ಮೊದಲ ಸಂದರ್ಭಗಳಲ್ಲಿ ಅದು ಒಂದು.

ಶಾಂತಾರಾಮ್ ಅಷ್ಟರಲ್ಲಿ ಪುರಾಣ, ಇತಿಹಾಸಗಳಿಂದ ಹೊರಬಂದು ಸುತ್ತಲಿನ ಸಮಾಜದತ್ತ ತಿರುಗಿದ್ದರು. 1937ರ ‘ಕುಂಕೂ’, ಹಿಂದಿಯಲ್ಲಿ ‘ದುನಿಯಾ ನ ಮಾನೆ’, ನಾರಾಯಣ ಹರಿ ಆಪಟೆಯವರ ಕಾದಂಬರಿಯ ಮೇಲೆ ನಿಂತ ಚಿತ್ರ. ‘ಸಾವಕಾರಿ ಪಾಶ’ದ ಕಥೆಯೂ ಅವರದೇ. ಮುದುಕ ವಿಧುರನಿಗೆ ಮೋಸದಿಂದ ಮದುವೆ ಮಾಡಿಕೊಟ್ಟ ಹುಡುಗಿಯೊಬ್ಬಳು ಅವನ ಹೆಂಡತಿಯಾಗಿ ಬಾಳಲು ನಿರಾಕರಿಸುತ್ತಾಳೆ. ಅಳುವುದಿಲ್ಲ, ಓಡಿಹೋಗುವುದಿಲ್ಲ, ಮನೆಯೊಳಗೇ ನಿಂತು ಹೋರಾಡುತ್ತಾಳೆ. ಶಾಂತಾ ಆಪಟೆ ಆ ಹುಡುಗಿ, ಕೇಶವರಾವ್ ದಾತೆ ಮುದುಕ. ಮುದುಕನನ್ನು ಖಳನನ್ನಾಗಿಸದೆ, ತಪ್ಪು ತಿಳಿದುಕೊಂಡು ಕುಸಿಯುವ ಮನುಷ್ಯನನ್ನಾಗಿ ತೋರಿಸಿದ್ದು ಚಿತ್ರದ ಪ್ರೌಢಿಮೆ. ಹಿನ್ನೆಲೆ ಸಂಗೀತವನ್ನು ಪೂರ್ತಿ ಕೈಬಿಟ್ಟು ಗಡಿಯಾರದ ಟಿಕ್‌ಟಿಕ್, ಪಾತ್ರೆಯ ಸದ್ದು, ಬೀದಿಯ ಗದ್ದಲಗಳಿಂದಲೇ ಇಡೀ ಚಿತ್ರದ ಧ್ವನಿಯನ್ನು ಕಟ್ಟಿದ್ದಾರೆ. ಹಾಡೂ ಪಾತ್ರಗಳು ನಿಜವಾಗಿ ಹಾಡುವ ಸಂದರ್ಭದಲ್ಲೇ ಬರುತ್ತದೆ. 1937ರಲ್ಲಿ ಇಂಥ ನಿರ್ಧಾರ ತೆಗೆದುಕೊಳ್ಳಲು ನಿರ್ದೇಶಕನಿಗೆ ಎದೆಗಾರಿಕೆ ಬೇಕು, ಅವನ ಹಿಂದೆ ಕೈಹಿಡಿದು ತಡೆಯದ ಕಂಪನಿಯೂ ಬೇಕು.

1939ರ ‘ಮಾಣೂಸ್’, ಹಿಂದಿಯ ‘ಆದ್ಮೀ’, ಪೊಲೀಸ್ ಪೇದೆಯೊಬ್ಬ ವೇಶ್ಯೆಯನ್ನು ಪ್ರೀತಿಸುವ ಕಥೆ. ಪೇದೆಯಾಗಿ ಶಾಹೂ ಮೋಡಕ್, ಮೈನಾ ಎಂಬ ಹೆಣ್ಣಾಗಿ ಶಾಂತಾ ಹುಬಳೀಕರ್. ಈ ಶಾಂತಾ ಹುಬ್ಬಳ್ಳಿ ಹತ್ತಿರದ ಅದರಗುಂಚಿಯವರು, ಹುಟ್ಟುಹೆಸರು ರಾಜಮ್ಮ. ಕನ್ನಡ ನೆಲದಿಂದ ಹೋಗಿ ಮರಾಠಿ ಮಾತಿನಲ್ಲಿ ಪಳಗಿದ ಈ ನಟಿ ಹಲವು ಭಾಷೆಗಳ ಸಾಲುಗಳನ್ನು ಪೋಣಿಸಿದ ಹಾಡೊಂದನ್ನು ಆ ಚಿತ್ರದಲ್ಲಿ ಹಾಡಿದರು. ನಾಳೆಯ ಚಿಂತೆ ಏಕೆ ಎಂದು ಕೇಳುವ ಆ ಹಾಡಿನ ಮೊದಲ ಮಾತೇ ಮುಂದೆ ಅವರ ಆತ್ಮಕಥೆಯ ಹೆಸರಾಯಿತು. ಚಿತ್ರದಲ್ಲಿ ನಾಯಕ ಪ್ರೀತಿಗಾಗಿ ಸಾಯುವುದಿಲ್ಲ. ಪ್ರೀತಿ ಸೋತ ಮೇಲೂ ಬದುಕಬೇಕೆಂದು ಒಪ್ಪಿಕೊಂಡು ಕೆಲಸಕ್ಕೆ ಮರಳುತ್ತಾನೆ. ‘ದೇವದಾಸ್’ ಚಿತ್ರದ ನಾಯಕನ ಸಾವಿಗೆ ದೇಶವೆಲ್ಲ ಕಣ್ಣೀರಿಟ್ಟ ವರ್ಷಗಳಲ್ಲಿ ಇದು ಪ್ರಭಾತ್ ಕೊಟ್ಟ ಉತ್ತರ.

1940ರಲ್ಲಿ ದಾಮ್ಲೆ-ಫತ್ತೆಲಾಲ್ ಜೋಡಿಯ ‘ಸಂತ ಜ್ಞಾನೇಶ್ವರ’ ಬಂತು. 1941ರಲ್ಲಿ ಶಾಂತಾರಾಮರ ‘ಶೇಜಾರಿ’, ಹಿಂದಿಯಲ್ಲಿ ‘ಪಡೋಸಿ’. ಒಂದು ಹಳ್ಳಿಯಲ್ಲಿ ಚದುರಂಗದ ಹಲಗೆಯ ಮುಂದೆ ಕೂಡುವ ಇಬ್ಬರು ಮುದುಕರು, ಒಬ್ಬ ಹಿಂದೂ, ಒಬ್ಬ ಮುಸ್ಲಿಂ. ಅಣೆಕಟ್ಟು ಕಟ್ಟಲು ಬಂದ ಗುತ್ತಿಗೆದಾರ ಊರು ಒಡೆಯಲು ಇವರ ನಡುವೆ ಒಡಕು ತರುತ್ತಾನೆ. ಕೊನೆಗೆ ಅಣೆಕಟ್ಟು ಒಡೆದು ನುಗ್ಗಿದ ನೀರಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಸಾಯುತ್ತಾರೆ. ಹಿಂದಿ ರೂಪದಲ್ಲಿ ಹಿಂದೂ ಮುದುಕನ ಪಾತ್ರವನ್ನು ಮಝರ್ ಖಾನರಿಗೂ ಮುಸ್ಲಿಂ ಮುದುಕನ ಪಾತ್ರವನ್ನು ಗಜಾನನ ಜಾಗೀರದಾರರಿಗೂ ಕೊಟ್ಟರು. ಮುಸ್ಲಿಂ ಲೀಗ್ ಲಾಹೋರ್ ನಿರ್ಣಯ ಅಂಗೀಕರಿಸಿ ಇನ್ನೂ ವರ್ಷವಾಗಿತ್ತಷ್ಟೆ.

‘ಶೇಜಾರಿ’ ಪ್ರಭಾತ್‌ಗೆ ಶಾಂತಾರಾಮ್ ಮಾಡಿದ ಕೊನೆಯ ಚಿತ್ರ. ಪಾಲುದಾರಿಕೆ ಮೊದಲೇ ಒಮ್ಮೆ ಬಿರುಕು ಬಿಟ್ಟಿತ್ತು. ನಟಿ ನಳಿನಿ ತರ್ಖಡ್ ಅವರನ್ನು ಮದುವೆಯಾದ ಧಾಯ್‌ಬರ್ ಮೂವತ್ತರ ದಶಕದಲ್ಲೇ ಕಂಪನಿ ಬಿಟ್ಟಿದ್ದರು. ಪಾಲುದಾರರು ಕಂಪನಿಯ ನಟಿಯರೊಂದಿಗೆ ಸಂಬಂಧ ಬೆಳೆಸಬಾರದೆಂಬ ಕಟ್ಟುಪಾಡು ಅವರೊಳಗಿತ್ತೆಂದು ಪ್ರಭಾತ್ ಇತಿಹಾಸ ಬಲ್ಲವರು ಹೇಳುತ್ತಾರೆ. 1941ರಲ್ಲಿ ‘ಶೇಜಾರಿ’ಯ ನಟಿ ಜಯಶ್ರೀಯವರನ್ನು ಶಾಂತಾರಾಮ್ ಮದುವೆಯಾದಾಗ ಅದೇ ಕಟ್ಟುಪಾಡು ಅವರಿಗೂ ಎದುರಾಯಿತು. ಆದರೆ ಬಿರುಕನ್ನು ಮದುವೆಯೊಂದಕ್ಕೆ ಕಟ್ಟುವುದು ಸರಿಯಲ್ಲ. ಹೊರಗಿನ ಜನರಿಗೆ ಪ್ರಭಾತ್ ಎಂದರೆ ಶಾಂತಾರಾಮ್. ಕರಾರಿನ ಪ್ರಕಾರ ಅವರು ಪಾಲುದಾರರಲ್ಲಿ ಒಬ್ಬರು ಮಾತ್ರ. ಇತ್ತ ಕಂಪನಿಯ ಅತಿ ದೊಡ್ಡ ಗೆಲುವಾದ ‘ಸಂತ ತುಕಾರಾಂ’ ಅವರ ಕೈಯಿಂದ ಬಂದದ್ದಲ್ಲ. ಕೀರ್ತಿ ಒಬ್ಬರ ಹೆಸರಿಗೆ, ಗಳಿಕೆ ಇನ್ನೊಬ್ಬರ ಕೆಲಸಕ್ಕೆ, ಪಾಲು ಎಲ್ಲರಿಗೂ ಸಮ. ಬಡತನದಲ್ಲಿ ಒಟ್ಟಿಗೆ ಹಿಡಿದಿದ್ದ ಸಮಪಾಲಿನ ಕರಾರು ಗೆಲುವಿನ ಕಾಲದಲ್ಲಿ ಎಲ್ಲರಿಗೂ ಬಿಗಿಯಾಯಿತು. ಅದನ್ನು ತಿದ್ದಿ ಬರೆಯುವ ದಾರಿಯನ್ನು ಅವರು ಹುಡುಕಲಿಲ್ಲ. ಕಂಪನಿಯ ನಿಜವಾದ ಕುಸಿತ ಇಲ್ಲಿಂದ ಶುರುವಾಗುತ್ತದೆ.

1942ರಲ್ಲಿ ಶಾಂತಾರಾಮ್ ಮುಂಬಯಿಗೆ ಹೋಗಿ, ಪರೇಲ್‌ನಲ್ಲಿ ವಾಡಿಯಾ ಮೂವಿಟೋನ್ ಇದ್ದ ಜಾಗದಲ್ಲಿ ರಾಜ್‌ಕಮಲ್ ಕಲಾಮಂದಿರ ಸ್ಥಾಪಿಸಿದರು. ಅವರ ಜೊತೆ ವಸಂತ ದೇಸಾಯಿಯಂಥವರೂ ಹೋದರು. 1943ರ ‘ಶಕುಂತಲಾ’ ಭರ್ಜರಿಯಾಗಿ ಓಡಿತು. ಈ ಬಾರಿ ಅವರು ಪಾಲುದಾರಿಕೆ ಮಾಡಲಿಲ್ಲ.

ಪುಣೆಯಲ್ಲಿ ಉಳಿದವರು ಕೈಕಟ್ಟಿ ಕೂರಲಿಲ್ಲ. ಪ್ರಭಾತ್ ಚಿತ್ರಗಳ ವಿತರಣೆ ನೋಡಿಕೊಂಡಿದ್ದ ಫೇಮಸ್ ಪಿಕ್ಚರ್ಸ್‌ನ ಬಾಬುರಾವ್ ಪೈ ಕಂಪನಿಯ ಆಡಳಿತದಲ್ಲಿ ಮುಂದೆ ಬಂದರು. 1944ರಲ್ಲಿ ‘ರಾಮಶಾಸ್ತ್ರಿ’ ಬಂತು. ಪೇಶ್ವೆ ನಾರಾಯಣರಾಯನ ಕೊಲೆಗೆ ಅಧಿಕಾರದಲ್ಲಿದ್ದ ರಘುನಾಥರಾಯನೇ ಹೊಣೆಯೆಂದು ತೀರ್ಪು ಕೊಟ್ಟ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯ ಕಥೆ ಅದು. ನಿರ್ದೇಶನ ಕೈಯಿಂದ ಕೈಗೆ ಬದಲಾಗಿ ಕೊನೆಗೆ ಗಜಾನನ ಜಾಗೀರದಾರರ ಪಾಲಿಗೆ ಬಂತು; ಮುಖ್ಯ ಪಾತ್ರವೂ ಅವರದೇ. ಅಷ್ಟೆಲ್ಲ ಎಡವಟ್ಟಿನ ನಡುವೆಯೂ ಚಿತ್ರ ಗಟ್ಟಿಯಾಗಿ ನಿಂತದ್ದು ಸ್ಟುಡಿಯೋದ ಒಳಗಿನ ಕಸುಬು ಇನ್ನೂ ಕೆಟ್ಟಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಆದರೆ ಅದು ಪ್ರಭಾತ್‌ನ ಕೊನೆಯ ದೊಡ್ಡ ಚಿತ್ರ. 1945ರಲ್ಲಿ ದಾಮ್ಲೆ ತೀರಿಕೊಂಡರು. ಯಂತ್ರ, ಧ್ವನಿ, ಲ್ಯಾಬೊರೇಟರಿಗಳ ಜೊತೆಗೆ ಕಂಪನಿಯ ಸಮತೋಲವನ್ನೂ ಕಾಯುತ್ತಿದ್ದವರು ಅವರು. ಅವರ ಜಾಗ ತುಂಬುವವರು ಸಿಗಲಿಲ್ಲ.

ಹೊರಗಿನ ಗಾಳಿಯೂ ತಿರುಗಿತ್ತು. ಯುದ್ಧದಿಂದಾಗಿ ಕಚ್ಚಾ ಫಿಲ್ಮಿನ ಆಮದು ಕುಗ್ಗಿತು. ಸರ್ಕಾರ ಚಿತ್ರದ ಉದ್ದವನ್ನು 11,000 ಅಡಿಗೆ ಮಿತಿಗೊಳಿಸಿತು, ಬಳಿಕ ಫಿಲ್ಮಿಗೆ ಪರವಾನಗಿ ಪದ್ಧತಿ ತಂದಿತು. ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ತೆಗೆಯುತ್ತಿದ್ದ ಪ್ರಭಾತ್‌ಗೆ ಇದು ಮರ್ಮಾಘಾತ, ಏಕೆಂದರೆ ಅದರ ಲೆಕ್ಕಾಚಾರವೆಲ್ಲ ಅಗ್ಗದ ಫಿಲ್ಮಿನ ಮೇಲೆ ನಿಂತಿತ್ತು. ಅದೇ ಹೊತ್ತಿಗೆ ಯುದ್ಧದ ಗುತ್ತಿಗೆಗಳಲ್ಲಿ ಲಾಭ ಮಾಡಿ ಲೆಕ್ಕಕ್ಕೆ ತೋರಿಸದ ಹಣ ಇಟ್ಟುಕೊಂಡವರಿಗೆ ಸಿನಿಮಾ ಒಳ್ಳೆಯ ತಾಣವಾಯಿತು. ಅವರಿಗೆ ಸ್ಟುಡಿಯೋ ಬೇಡ, ಸಂಬಳದ ನೌಕರರು ಬೇಡ. ಒಬ್ಬ ಜನಪ್ರಿಯ ನಟನಿಗೆ ದೊಡ್ಡ ಮೊತ್ತ ಕೊಟ್ಟು, ಸ್ಟುಡಿಯೋವನ್ನು ದಿನದ ಬಾಡಿಗೆಗೆ ಹಿಡಿದು, ಒಂದು ಚಿತ್ರ ಮುಗಿಸಿ ಹೋಗುತ್ತಿದ್ದರು. ಪ್ರಭಾತ್‌ನಲ್ಲಿ ತಿಂಗಳಿಗಿಷ್ಟು ಎಂದು ದುಡಿಯುತ್ತಿದ್ದ ನಟರಿಗೆ ಹೊರಗೆ ಒಂದು ಚಿತ್ರಕ್ಕೆ ವರ್ಷಗಳ ಸಂಬಳ ಸಿಗುವಂತಾಯಿತು. ಯಾರನ್ನು ತಾನೇ ಹಿಡಿದಿಡಲು ಸಾಧ್ಯ? ದೇಶ ವಿಭಜನೆಯಾದಾಗ ಹಿಂದಿ ಚಿತ್ರಗಳ ದೊಡ್ಡ ಮಾರುಕಟ್ಟೆಯಾಗಿದ್ದ ಪಶ್ಚಿಮ ಪಂಜಾಬ್, ಸಿಂಧ್ ಕೈತಪ್ಪಿದವು. ಈ ಹೊಡೆತ ತಿಂದದ್ದು ಪ್ರಭಾತ್ ಒಂದೇ ಅಲ್ಲ. ಕಲ್ಕತ್ತದ ನ್ಯೂ ಥಿಯೇಟರ್ಸ್, ಮುಂಬಯಿಯ ಬಾಂಬೆ ಟಾಕೀಸ್ ಕೂಡ 1950ರ ದಶಕದ ಮಧ್ಯಭಾಗದ ಹೊತ್ತಿಗೆ ಚಿತ್ರ ತೆಗೆಯುವುದನ್ನು ನಿಲ್ಲಿಸಿದವು.

ಇಳಿಗಾಲದ ಈ ವರ್ಷಗಳಲ್ಲೇ ಪ್ರಭಾತ್ ಮುಂದಿನ ಕಾಲಕ್ಕೆ ಇಬ್ಬರನ್ನು ತಯಾರು ಮಾಡಿ ಕಳಿಸಿತು. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಮೋರಾದಲ್ಲಿ ಉದಯಶಂಕರರ ಬಳಿ ನೃತ್ಯ ಕಲಿತ ಗುರುದತ್ 1944ರಲ್ಲಿ ಮೂರು ವರ್ಷದ ಕರಾರಿನ ಮೇಲೆ ಇಲ್ಲಿಗೆ ಬಂದರು. ಸಹಾಯಕ ನಿರ್ದೇಶನ, ನೃತ್ಯ ಸಂಯೋಜನೆ, ಸಣ್ಣ ಪಾತ್ರ ಎಲ್ಲವನ್ನೂ ಮಾಡಿದರು. 1946ರ ‘ಹಮ್ ಏಕ್ ಹೈಂ’ ಚಿತ್ರದಿಂದ ದೇವಾನಂದ್ ನಟರಾದರು. ಅದರ ನೃತ್ಯ ಗುರುದತ್ತರದು. ದೋಬಿಯ ಮನೆಯಲ್ಲಿ ಅಂಗಿ ಅದಲುಬದಲಾಗಿ ಇಬ್ಬರಿಗೂ ಗೆಳೆತನವಾಯಿತೆಂಬುದು ದೇವಾನಂದ್ ಬಹಳ ಸಲ ಹೇಳಿಕೊಂಡ ಪ್ರಸಂಗ. ಒಬ್ಬ ನಿರ್ಮಾಪಕನಾದರೆ ಇನ್ನೊಬ್ಬನಿಗೆ ನಿರ್ದೇಶನ ಕೊಡಬೇಕು, ಒಬ್ಬ ನಿರ್ದೇಶಕನಾದರೆ ಇನ್ನೊಬ್ಬನನ್ನು ನಾಯಕನನ್ನಾಗಿ ಮಾಡಬೇಕು ಎಂಬ ಅವರ ಒಪ್ಪಂದ 1951ರಲ್ಲಿ ‘ಬಾಜಿ’ಯಾಗಿ ಈಡೇರಿತು.

ನಲವತ್ತರ ದಶಕದ ಕೊನೆಯ ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ‘ಸಂತ ಜನಾಬಾಯಿ’ಯಂಥ ಚಿತ್ರಗಳಲ್ಲಿ ಹಳೆಯ ದಾರಿಯ ನೆನಪಿದೆ, ಹಳೆಯ ಕಸುವಿಲ್ಲ. ಸಾಲ ಏರಿತು, ಪಾಲುದಾರರೊಳಗೆ ಹೊಂದಾಣಿಕೆ ಉಳಿಯಲಿಲ್ಲ, ಸ್ಟುಡಿಯೋ ಹರಾಜಿಗೆ ಬಂತು. 1953ರಲ್ಲಿ ಕಂಪನಿ ವಿಧಿವತ್ತಾಗಿ ವಿಸರ್ಜನೆಗೊಂಡಿತು.

ಕಟ್ಟಡಗಳಿಗೆ ಮಾತ್ರ ಒಳ್ಳೆಯ ಗತಿ ಸಿಕ್ಕಿತು. 1960ರಲ್ಲಿ ಭಾರತ ಸರ್ಕಾರ ಪ್ರಭಾತ್ ಆವರಣದಲ್ಲೇ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭಿಸಿತು. ಋತ್ವಿಕ್ ಘಟಕ್ ಅಲ್ಲಿ ಪಾಠ ಹೇಳಿದರು, ಗಿರೀಶ ಕಾರ್ನಾಡರು 1974–75ರಲ್ಲಿ ನಿರ್ದೇಶಕರಾಗಿದ್ದರು, ಗಿರೀಶ ಕಾಸರವಳ್ಳಿ ಅಲ್ಲಿ ಕಲಿತು ಬಂದು 1977ರಲ್ಲಿ ‘ಘಟಶ್ರಾದ್ಧ’ ಕೊಟ್ಟರು, ಯು.ಆರ್. ಅನಂತಮೂರ್ತಿ ಮುಂದೆ ಅದರ ಅಧ್ಯಕ್ಷರಾದರು. ‘ಅಮೃತಮಂಥನ’, ‘ಸಂತ ತುಕಾರಾಂ’ ಚಿತ್ರಗಳ ಸೆಟ್ಟು ಹಾಕಿದ ಫ್ಲೋರುಗಳಲ್ಲಿ ಈಗ ವಿದ್ಯಾರ್ಥಿಗಳು ಡಿಪ್ಲೊಮಾ ಚಿತ್ರ ತೆಗೆಯುತ್ತಾರೆ. ಆವರಣದಲ್ಲಿರುವ ಪ್ರಭಾತ್ ಸಂಗ್ರಹಾಲಯದಲ್ಲಿ ಆ ಕಾಲದ ಸಾಮಗ್ರಿ, ವೇಷಭೂಷಣ, ಛಾಯಾಚಿತ್ರಗಳಿವೆ.

ಚಿತ್ರಗಳ ಕಥೆ ಇಷ್ಟು ನೆಮ್ಮದಿಯದಲ್ಲ. ಕಂಪನಿ ಮುಳುಗಿದಾಗ ಚಿತ್ರಗಳ ಹಕ್ಕು ಬೇರೆಯವರ ಕೈಸೇರಿತ್ತು. ವಿಷ್ಣುಪಂತ ದಾಮ್ಲೆಯವರ ಮಗ ಅನಂತರಾವ್ ದಾಮ್ಲೆ ಅವನ್ನು ಮರಳಿ ಪಡೆದು ಹಳೆಯ ಚಿತ್ರಗಳು ಮತ್ತೆ ಮಂದಿರ ಕಾಣುವಂತೆ ಮಾಡಿದರು. 1964ರಲ್ಲಿ ಪುಣೆಯಲ್ಲೇ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರದಲ್ಲಿ ಪಿ.ಕೆ. ನಾಯರ್ ಅವರ ದುಡಿಮೆಯಿಂದ ಪ್ರಭಾತ್ ಚಿತ್ರಗಳಿಗೆ ನೆಲೆ ಸಿಕ್ಕಿತು. ಆದರೆ ಆ ಕಾಲದ ಫಿಲ್ಮು ನೈಟ್ರೇಟಿನದು. ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಹೊತ್ತಿದರೆ ನಂದಿಸುವುದು ಕಷ್ಟ. 2003ರ ಜನವರಿ 8ರಂದು ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು, ಪ್ರಭಾತ್‌ನ ಅಮೂಲ್ಯ ರೀಲುಗಳೂ ಅದರಲ್ಲಿ ಸುಟ್ಟುಹೋದವು. ‘ಸಂತ ತುಕಾರಾಂ’, ‘ಕುಂಕೂ’, ‘ಮಾಣೂಸ್’, ‘ಶೇಜಾರಿ’ ಮೊದಲಾದ ಮುಖ್ಯ ಚಿತ್ರಗಳು ಇಂದಿಗೂ ನೋಡಲು ಸಿಗುವುದು ಬೇರೆ ಪ್ರತಿಗಳು ಉಳಿದಿರುವುದರಿಂದ.